ಕ್ಲಿಪ್ಪು ಹಾಕಿದ ಕೋಟು

ನಮ್ಮ ಯಜಮಾನರಿಗೆ ಸ್ವಂತ ಹೆಸರೊಂದಿದೆ, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ಬೀದಿಗೆಲ್ಲ ಅವರು ಸ್ಟಡಿಯಣ್ಣ. ಫೋಟೊ ಹೊಡೆಯುವ ಮುಂಚೆ "ಗದ್ದ ಸ್ವಲ್ಪ ಮೇಲೆ... ಸ್ಟಡಿ..." ಎಂದು ಹೇಳಿ, ಆ ಸ್ಟಡಿಗೂ ಕ್ಲಿಕ್ಕಿಗೂ ನಡುವೆ ಎದುರಿಗೆ ಕೂತವರ ನಗುವೆಲ್ಲ ಒಣಗಿಹೋಗುವಷ್ಟು ಹೊತ್ತು ಕಾಯಿಸುವುದು ಅವರ ಅಭ್ಯಾಸ. ಅದಕ್ಕೇ ನಮ್ಮೂರಿನ ಯಾರ ಮನೆಯ ಗೋಡೆ ನೋಡಿದರೂ ಮದುಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರದೂ ಹಲ್ಲುನೋವಿನ ಮುಖ.

ನಾನು ಅವರ ಹೆಂಡತಿ. ನನಗೂ ಬೀದಿಯಲ್ಲಿ ಒಂದು ಅಡ್ಡಹೆಸರಿದೆ, ಅದನ್ನು ನನ್ನ ಎದುರಿಗೆ ಯಾರೂ ಹೇಳುವುದಿಲ್ಲ. ಬೈಯುವುದು ನನಗೆ ಉಸಿರಾಡಿದಷ್ಟೇ ಸಲೀಸು. ಹಾಲು ನೀರಾದರೆ ಹಾಲಿನವನಿಗೆ, ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಗೆ, ಯಾರೂ ಸಿಗದಿದ್ದರೆ ಇವರಿಗೆ. ಇವರು ತಿರುಗಿ ಮಾತಾಡುವವರಲ್ಲ. ನನ್ನ ಬಾಯಿ ಶುರುವಾಯಿತೆಂದರೆ ಮೆಟ್ಟಿಲ ಕೆಳಗಿನ ಡಾರ್ಕ್ ರೂಮಿಗೆ ಹೊಕ್ಕು ಚಿಲಕ ಹಾಕಿಕೊಳ್ಳುತ್ತಾರೆ. "ಬಾಗಿಲು ತೆಗೀಬೇಡ ಕಣೇ, ಫಿಲಂ ಹಾಳಾಗತ್ತೆ" ಎಂದು ಒಳಗಿನಿಂದ ದನಿ ಬರುತ್ತದೆ. ಒಳಗೆ ಫಿಲಂ ಇದೆಯೋ ಇಲ್ಲವೋ ಕಂಡವರಾರು. ಮದುವೆಯಾದಂದಿನಿಂದ ಅವರು ತಪ್ಪಿಸಿಕೊಂಡ ಜಗಳಗಳನ್ನೆಲ್ಲ ನೋಡಿರುವುದು ಅಲ್ಲಿನ ಕೆಂಪು ಬಲ್ಬು ಒಂದೇ.

ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಬೀದಿಗೆ ಮುಖ ಮಾಡಿ ಗಾಜಿನ ಶೋಕೇಸು. ಒಳಗೆ ಕನ್ನಡಿ, ಯಾರೂ ಎತ್ತಿಕೊಂಡು ಹೋಗದಂತೆ ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ. ಪರದೆ ಸರಿಸಿದರೆ ಕೆರೆಯೂ ಮೆಟ್ಟಿಲೂ ಬರೆದ ದೊಡ್ಡ ಬಟ್ಟೆ, ಅದರ ಮುಂದೆ ಒಂದು ಸ್ಟೂಲು, ಎರಡು ಲೈಟು. ಇವರ ಕೈಚಳಕವೆಲ್ಲ ಇರುವುದು ಪೆನ್ಸಿಲಿನಲ್ಲಿ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದಿ ಮೊಡವೆ ಅಳಿಸುತ್ತಾರೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತಾರೆ. "ಇದ್ದದ್ದನ್ನ ಇದ್ದ ಹಾಗೇ ತೋರಿಸೋಕೆ ಮನೇಲಿ ಕನ್ನಡಿ ಇರತ್ತಲ್ಲ, ನಮ್ಮ ಹತ್ರ ಯಾಕೆ ಬರ್ತಾರೆ" ಎನ್ನುತ್ತಿದ್ದರು. ಆ ಮಾತಿಗೆ ನಾನೂ ನಗುತ್ತಿದ್ದೆ.

ನಮ್ಮೂರಿಗೂ ಆಚೆ ದಡಕ್ಕೂ ನಡುವೆ ಒಂದು ಹೊಳೆ, ಒಂದು ಸೇತುವೆ. ಆಚೆಯವರದೂ ನಮ್ಮದೇ ಮಾತು. ಹೆಣ್ಣು ಕೊಟ್ಟು ತಂದು ಮಾಡಿದವರು. ಆಮೇಲೆ ಜಗಳ ಹತ್ತಿತು. ಯಾಕೆ ಎಂದು ಕೇಳಿದರೆ ದೊಡ್ಡವರು ದೊಡ್ಡ ದೊಡ್ಡ ಕಾರಣ ಹೇಳುತ್ತಾರೆ, ನನಗೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಮೊದಲು ಸೇತುವೆಯ ಮೇಲಿನ ಬಸ್ಸು ನಿಂತಿತು, ಆಮೇಲೆ ಮದುವೆಗಳು ನಿಂತವು, ಒಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಮೇಲೆ ಶೆಲ್ಲು ಬಿತ್ತು. ಅಲ್ಲಿಂದ ಊರಿನ ಹುಡುಗರು ಸೇನೆಗೆ ಸೇರಲು ಸಾಲು ನಿಂತರು. ಹೊರಡುವ ಮುಂಚೆ ಮನೆಯವರಿಗೆ ಒಂದು ಫೋಟೊ ಬಿಟ್ಟುಹೋಗಬೇಕಲ್ಲ, ಎಲ್ಲರೂ ನಮ್ಮಲ್ಲಿಗೆ ಬಂದರು.

ಆದರೆ ಯೂನಿಫಾರಂ ಸಿಗುವುದು ಸೇರಿದ ಮೇಲೆ, ಫೋಟೊ ಬೇಕಾಗಿದ್ದು ಸೇರುವ ಮುಂಚೆ. ಅದಕ್ಕೆ ಇವರೇ ಒಂದು ದಾರಿ ಹುಡುಕಿದರು. ಮುಚ್ಚಿಹೋದ ನಾಟಕ ಕಂಪನಿಯೊಂದರ ಪೆಟ್ಟಿಗೆಯಿಂದ ಇನ್ಸ್‌ಪೆಕ್ಟರ್ ಪಾರ್ಟಿನ ಕೋಟು ತಂದರು. ಅದಕ್ಕೆ ಹಸಿರು ಬಣ್ಣ ಕಟ್ಟಿಸಿದರು. ಆ ಇನ್ಸ್‌ಪೆಕ್ಟರು ಅದೆಂಥ ದಢೂತಿಯೋ, ಕೋಟಿನೊಳಗೆ ನಮ್ಮ ಹುಡುಗರು ಇಬ್ಬಿಬ್ಬರು ಹಿಡಿಸುತ್ತಿದ್ದರು. ಇವರು ಬೆನ್ನ ಹಿಂದೆ ಬಟ್ಟೆಯನ್ನು ಮಡಚಿ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದರು. ಮುಂದಿನಿಂದ ಸೈನಿಕ, ಹಿಂದಿನಿಂದ ನಮ್ಮನೆ ಹಿತ್ತಲ ತಂತಿ. ಮೂರನೆಯ ಗುಂಡಿ ಬಿದ್ದುಹೋಗಿತ್ತು. ನನ್ನ ಹಳೇ ಸ್ವೆಟರಿನ ಅಗಲವಾದ ಗುಂಡಿಯನ್ನು ನಾನೇ ಅಲ್ಲಿಗೆ ಹೊಲಿದುಕೊಟ್ಟೆ. ಊರಿನ ಎಲ್ಲ ಹುಡುಗರ ಎದೆಯ ಮೇಲೂ ಅದೊಂದು ಗುಂಡಿ ಎದ್ದು ಕಾಣುತ್ತದೆ. ಮುಖ ನೋಡುವವರು ಗುಂಡಿ ಯಾಕೆ ನೋಡುತ್ತಾರೆ, ಯಾರೂ ಗಮನಿಸಲಿಲ್ಲ.

ವಾರಕ್ಕೊಮ್ಮೆ ಕೋಟನ್ನು ಮೂಲೆಯ ಇಸ್ತ್ರಿಯಕ್ಕನಿಗೆ ಕೊಟ್ಟು ಬರುತ್ತಿದ್ದೆ. ಅವಳು ಇದ್ದಿಲ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು. ಗಂಡ ಇಲ್ಲ, ಇರುವವನು ಒಬ್ಬನೇ ಮಗ. ಅವನು ಸೈಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ, ಕಡ್ಡಿಯಂತೆ ಸಣಕಲ, ಎಲ್ಲರೂ ಅವನನ್ನು ಪಂಪು ಎಂದೇ ಕರೆಯುತ್ತಿದ್ದರು. ಪಂಪುವೂ ನನ್ನ ತಮ್ಮನೂ ಜೋಡೆತ್ತು. ನನ್ನ ತಮ್ಮ ಅಮ್ಮ ತೀರಿಕೊಂಡ ಮೇಲೆ ನನ್ನ ಕೈಯಲ್ಲೇ ಬೆಳೆದವನು. ಬಸ್ ಗ್ಯಾರೇಜಿನಲ್ಲಿ ಬಣ್ಣ ಬಳಿಯುವ ಕೆಲಸ. ಮನೆಗೆ ಬಂದರೆ ಟರ್ಪೆಂಟೈನ್ ವಾಸನೆ. "ಮೊದಲು ಕೈ ತೊಳಿ, ಆಮೇಲೆ ಒಳಗೆ ಬಾ" ಎಂದು ದಿನಾ ಬೈಯುತ್ತಿದ್ದೆ. ದಿನಾ ತೊಳೆಯದೇ ಬರುತ್ತಿದ್ದ.

ನಾನು ಮಾರ್ಕೆಟ್ಟಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವರಿಬ್ಬರೂ ಆ ಕೋಟು ಹಾಕಿಕೊಂಡು ಫೋಟೊ ತೆಗೆಸಿಕೊಂಡರು. "ಅವನೇ ಕೇಳಿದ ಕಣೇ, ನನಗೂ ಒಂದು ಹೊಡೀರಿ ಭಾವ ಅಂದ" ಎಂದು ಇವರು ಹೇಳಿದರು. ದಾರದ ಮೇಲೆ ಒದ್ದೆ ಫೋಟೊ ನೇತಾಡುತ್ತಿತ್ತು. ಗದ್ದ ಮೇಲೆತ್ತಿ, ಎದೆ ಸೆಟೆಸಿ ನಿಂತಿದ್ದ ನನ್ನ ತಮ್ಮ. ಇಷ್ಟು ದೊಡ್ಡವನು ಯಾವಾಗ ಆದ ಎಂದುಕೊಂಡೆ. ಎಷ್ಟು ಚೆನ್ನಾಗಿ ಬಂದಿದೀಯೋ ಎಂದೆ. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ.

ಇವರು ಆ ಎರಡು ಫೋಟೊವನ್ನೂ ದೊಡ್ಡದು ಮಾಡಿ ಶೋಕೇಸಿನಲ್ಲಿ ಇಟ್ಟರು. ಅಲ್ಲಿ ಆಗಲೇ ಸೇನೆಗೆ ಹೋದವರ ಫೋಟೊಗಳಿದ್ದವು, ಮೇಲೆ ಬೋರ್ಡು ಬರೆಯುವವನಿಂದ 'ನಮ್ಮೂರ ಹುಲಿಗಳು' ಎಂದು ಬರೆಸಿದ್ದರು. ಇಸ್ತ್ರಿಯಕ್ಕ ಬಟ್ಟೆ ಕೊಡಲು ಬಂದವಳು ಮಗನನ್ನು ಗಾಜಿನೊಳಗೆ ನೋಡಿದಳು. ಆಮೇಲೆ ನಡೆದದ್ದನ್ನು ಬೀದಿ ಬಹಳ ದಿನ ಹೇಳಿಕೊಂಡು ನಕ್ಕಿತು. ಹೊಗೆಯಾಡುವ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡಿದು ಸೈಕಲ್ ಶಾಪಿನವರೆಗೆ ಓಡಿದಳು. "ಊರು ಬಿಟ್ಟು ಕಾಲು ಆಚೆ ಇಡು ನೋಡೋಣ, ಆ ಕಾಲಿಗೇ ಇಸ್ತ್ರಿ ಹಾಕ್ತೀನಿ" ಎಂದಳು. ಅವನು ಪಂಕ್ಚರ್ ಹಾಕುತ್ತಿದ್ದ ಟ್ಯೂಬು ಬಿಟ್ಟು ಶಾಪಿನ ಹಿಂದಿನ ಬಾಗಿಲಿಂದ ಪರಾರಿ. ಮಾರನೆಯ ದಿನ ಬಂದು ಶೋಕೇಸಿನಿಂದ ತನ್ನ ಫೋಟೊ ತೆಗೆಸಿದ. ಚಿಕ್ಕದೊಂದು ಪ್ರತಿ ಮಾತ್ರ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಫೋಟೊ ಹುಲಿ ಎಂದು ಊರೆಲ್ಲ ಆಡಿಕೊಂಡಿತು. ಅವನು ಹೋಗಲಿಲ್ಲ.

ನನ್ನ ತಮ್ಮನ ಫೋಟೊ ಶೋಕೇಸಿನಲ್ಲೇ ಉಳಿಯಿತು. ದಾರಿಯಲ್ಲಿ ಸಿಕ್ಕವರೆಲ್ಲ "ಯಾವಾಗಪ್ಪಾ ಹೊರಡೋದು" ಎಂದು ಕೇಳುವವರೇ. ಗ್ಯಾರೇಜಿನಲ್ಲೂ ಅದೇ ಮಾತು. ಎಷ್ಟು ಜನಕ್ಕೆ ಇಲ್ಲ ಎಂದಾನು. ಒಂದು ದಿನ ಕೈ ತೊಳೆದುಕೊಂಡು ಒಳಗೆ ಬಂದ, ಹೊರಟೆ ಅಕ್ಕ ಎಂದ. ಮಳೆಗಾಲ ಮುಗಿಯುವುದರೊಳಗೆ ಅವನು ಇಲ್ಲ ಎಂಬ ಸುದ್ದಿ ಬಂತು. ದೇಹ ಬರಲಿಲ್ಲ. ಇವರು ಕೋಟನ್ನು ಹಿತ್ತಲಲ್ಲಿ ಸುಟ್ಟರು, ಶೋಕೇಸಿನ ಗಾಜಿಗೆ ಒಳಗಿನಿಂದ ಪೇಪರ್ ಅಂಟಿಸಿದರು. ತಮ್ಮನ ದೊಡ್ಡ ಫೋಟೊ ನಡುಮನೆಯ ಗೋಡೆಗೆ ಬಂತು. ಅದನ್ನು ದಿನಾ ನಾನು ಒರೆಸುತ್ತೇನೆ. ಇವರು ಆ ಗೋಡೆಯ ಕಡೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾರೆ. ಸಂಕಟಕ್ಕೆ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ.

ಗುಂಡಿನ ಸದ್ದು ನಿಂತ ಮೇಲೆ ಪಂಪು ಸಿಕ್ಕಿಬಿದ್ದ. ಅವನ ಚಿಕ್ಕಮ್ಮ ಆಚೆ ದಡದಲ್ಲಿ ಕಾಯಿಲೆ ಬಿದ್ದಿದ್ದಳು. ಔಷಧಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಸೇತುವೆ ದಾಟಿದ. ಆಚೆಯ ಸೈನಿಕರು ತಡೆದು ಜೇಬು ನೋಡಿದರು. ಕೋಟು ಹಾಕಿದ ಫೋಟೊ ಸಿಕ್ಕಿತು. ಸೈನಿಕ, ವೇಷ ಮರೆಸಿಕೊಂಡು ಬೇಹು ನೋಡಲು ಬಂದಿದ್ದಾನೆ ಎಂದು ಒಳಗೆ ಹಾಕಿದರು. ಆಗ ಅವರು ಹಿಡಿದಿದ್ದ ಮೀನುಗಾರರನ್ನೂ ಗಾರೆಯವರನ್ನೂ ಎರಡೂ ಕಡೆಯವರು ಕೂತು ಮಾತಾಡಿ ಬಿಡಿಸಿದರು. ಪಂಪುವನ್ನು ಮಾತ್ರ ಬಿಡಲಿಲ್ಲ.

ಆ ಮಾತುಕತೆ ನಡೆಯುತ್ತಿದ್ದದ್ದು ಸೇತುವೆಯ ನಡುವಿನ ಹಳೆಯ ಟೋಲ್ ಕೋಣೆಯಲ್ಲಿ. ನಮ್ಮ ಕಡೆಯಿಂದ ಹೋಗುವವರಲ್ಲಿ ಮುಖ್ಯರು ರಿಟೈರಾದ ಹೆಡ್‌ಮಿಸ್ಸು. ಊರಿನ ಅರ್ಧ ಜನರ ಕಿವಿ ಹಿಂಡಿದವರು. ಒಂದು ಬೆಳಿಗ್ಗೆ ಅವರು ನೇರವಾಗಿ ನಮ್ಮ ಸ್ಟುಡಿಯೊಗೆ ಬಂದು ಸ್ಟೂಲಿನ ಮೇಲೆ ಕೂತರು.

"ನಿನ್ನೆ ಆ ಫೋಟೊ ನಮಗೆ ತೋರಿಸಿದ್ರು. ಮೂಲೇಲಿ ನಿಮ್ಮ ಸ್ಟುಡಿಯೊ ಮುದ್ರೆ ಇದೆ. ಕೋಟು ನಿಮ್ಮದು, ಅವನು ಸೈನಿಕ ಅಲ್ಲ ಅಂತ ನೀವು ಬಂದು ಹೇಳಬೇಕು. ಇಲ್ಲದಿದ್ರೆ ವಿಚಾರಣೆಗೆ ದೂರದ ಜೈಲಿಗೆ ಕಳಿಸ್ತಾರೆ. ಹಾಗೆ ಹೋದವರು ಯಾರೂ ಇನ್ನೂ ವಾಪಸ್ ಬಂದಿಲ್ಲ" ಎಂದರು.

"ಕೋಟು ಸುಟ್ಟುಬಿಟ್ಟೆ ಮಿಸ್" ಎಂದರು ಇವರು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ.

"ನೆಗೆಟಿವ್ ಇರಬೇಕಲ್ಲ?"

"ಬೂಷ್ಟು ಹಿಡಿದು ಹೋಯ್ತು."

ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ಜನ್ಮದಲ್ಲಿ ಒಂದು ನೆಗೆಟಿವ್ ಎಸೆದವರಲ್ಲ. ಡಾರ್ಕ್ ರೂಮಿನ ಅಟ್ಟದ ಮೇಲೆ ಬಿಸ್ಕತ್ ಡಬ್ಬಿಗಳಲ್ಲಿ ಊರಿನವರ ಮುಖಗಳೆಲ್ಲ ಬೆಚ್ಚಗೆ ಮಲಗಿವೆ. "ಯಾಕ್ರೀ ಸುಳ್ಳು ಹೇಳ್ತೀರಿ, ಡಬ್ಬೀಲಿ ಇರತ್ತಲ್ಲ" ಎಂದೆ. ಇವರು ನನ್ನ ಮುಖ ನೋಡಲಿಲ್ಲ. ಹೆಡ್‌ಮಿಸ್ಸಿನ ಮುಖವನ್ನೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಜೇಬು ಮುಟ್ಟಿಕೊಂಡು, ಕನ್ನಡಕ ಮುಟ್ಟಿಕೊಂಡು, ಕೊನೆಗೆ ಡಾರ್ಕ್ ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು.

ಹೆಡ್‌ಮಿಸ್ಸಿನ ಮುಂದೆ ನನಗೆ ನಾಚಿಕೆಯಾಯಿತು. ಅವರು ಹೋದ ಮೇಲೆ ಬಾಗಿಲು ಬಡಿದೆ. "ಒಬ್ಬಳ ಮಗ ಸಾಯೋ ಹೊತ್ತು, ನಿಮ್ಮ ಫಿಲಂ ಹಾಳಾದ್ರೆ ಆಗಲಿ ಬನ್ನಿ ಆಚೆ" ಎಂದೆ. ಚಿಲಕ ತೆಗೆಯಲಿಲ್ಲ. ನನ್ನ ಗಂಡ ಹೇಡಿ ಎಂದು ನನಗೆ ಮೊದಲೇ ಗೊತ್ತಿತ್ತು. ಇಷ್ಟು ಹೇಡಿ ಎಂದು ಗೊತ್ತಿರಲಿಲ್ಲ. ಹಾಗಂತ ಬಾಯಿಬಿಟ್ಟೇ ಹೇಳಿದೆ, ಬಾಗಿಲಿಗೆ.

ಮಾರನೆಯ ದಿನ ಇಸ್ತ್ರಿಯಕ್ಕ ಬಂದಳು. ಮಡಚಿದ ಬಟ್ಟೆ ಬೆಂಚಿನ ಮೇಲಿಟ್ಟಳು. ಇವರು ಒಳಗೆ ಸರಿಯುವುದರಲ್ಲಿದ್ದರು.

"ಅಣ್ಣ, ನಿಂತ್ಕೊಳ್ಳಿ. ನಾನು ಬೈಯೋಕೆ ಬಂದಿಲ್ಲ" ಎಂದಳು. "ಆ ಕೋಟಿಗೆ ಎಷ್ಟು ಸಲ ಇಸ್ತ್ರಿ ಹಾಕಿದೀನಿ. ದೊಡ್ಡ ಗುಂಡಿ ಕರಗೀತು ಅಂತ ಸುತ್ತ ಬಳಸ್ಕೊಂಡು ಹಾಕ್ತಿದ್ದೆ. ನನ್ನ ಮಗನ್ನ ಹಿಡಿಸೋ ಕೋಟಿಗೆ ನಾನೇ ಅಷ್ಟು ಜೋಪಾನ ಮಾಡಿದೀನಿ ನೋಡಿ. ನಿಮ್ಮದೊಬ್ಬರದೇ ತಪ್ಪು ಅಂತ ಯಾರಂದ್ರು? ನೀವು ಒಂದು ಮಾತು ಹೇಳಿ ಬನ್ನಿ, ಅಷ್ಟೇ ನಾನು ಕೇಳೋದು."

ಇವರು ಗೋಡೆ ಹಿಡಿದು ನಿಂತರು. "ಹೋಗ್ತೀನಿ ಅಕ್ಕ" ಎಂದರು. ಆ ದಿನವೆಲ್ಲ ಡಾರ್ಕ್ ರೂಮಿನಲ್ಲಿ ನೀರಿನ ಸದ್ದು ಕೇಳಿಸಿತು. ಸಂಜೆ ಒಂದು ಲಕೋಟೆ ಹಿಡಿದು ಆಚೆ ಬಂದವರು "ನೀನು ಬರಬೇಡ" ಎಂದರು. ಗುಂಡಿ ಹೊಲಿದವಳು ನಾನು, ಸಾಕ್ಷಿಗೆ ನಾನೂ ಬೇಕೆಂದು ಹೆಡ್‌ಮಿಸ್ಸು ಹೇಳಿ ಕಳಿಸಿದ್ದರು. ಬರುತ್ತೇನೆ ಎಂದೆ. ಇವರು ಮತ್ತೊಮ್ಮೆ ಬೇಡ ಎಂದರು. ಅವರು ಎರಡು ಸಲ ಒಂದೇ ಮಾತು ಹೇಳಿದ್ದು ನಾನು ಕಂಡದ್ದೇ ಅಪರೂಪ. ಆದರೂ ಹೋದೆ.

ಟೋಲ್ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಎರಡು ಬಾಗಿಲು. ನಾವು ನಮ್ಮ ಬಾಗಿಲಿಂದ ಹೋದೆವು, ಅವರು ಅವರ ಬಾಗಿಲಿಂದ ಬಂದರು. ಆಚೆ ಕಡೆಯಿಂದ ಒಬ್ಬ ವಯಸ್ಸಾದ ಬಸ್ ಕಂಡಕ್ಟರು, ಒಬ್ಬ ನರ್ಸಮ್ಮ, ಹಿಂದೆ ಒಬ್ಬ ಸೇನೆಯ ಅಧಿಕಾರಿ. ನನ್ನ ತಮ್ಮನನ್ನು ಕೊಂದವರ ಮುಖ ಹೇಗಿರುತ್ತದೆ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ನರ್ಸಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಮೊದಲು ನಮ್ಮ ಕಡೆಗೆ ತಳ್ಳಿದಳು. ಕಂಡಕ್ಟರು ಟೀ ಲೋಟದ ಅಂಚನ್ನು ಅಂಗಿಯ ತುದಿಯಿಂದ ಒರೆಸಿದ, ನಮ್ಮ ತಂದೆ ಮಾಡುತ್ತಿದ್ದ ಹಾಗೆ. ಬೈಯಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು.

ಅಧಿಕಾರಿ ಪಂಪುವಿನ ಜೇಬಿನ ಫೋಟೊವನ್ನು ಮೇಜಿನ ಮೇಲಿಟ್ಟ. ಇವರು ಕೋಟಿನ ಕತೆ ಹೇಳಿದರು. ನಾಟಕ ಕಂಪನಿ, ಹಸಿರು ಬಣ್ಣ, ಕ್ಲಿಪ್ಪು. ಗುಂಡಿ ಹೊಲಿದದ್ದು ನಾನು ಎಂದು ನಾನೂ ಹೇಳಿದೆ. ಅಧಿಕಾರಿ ಕುರ್ಚಿಗೆ ಒರಗಿ, "ಕತೆ ಚೆನ್ನಾಗಿದೆ. ಕೋಟು ಎಲ್ಲಿ ಅಂದ್ರೆ ಸುಟ್ಟಿದೀವಿ ಅಂತೀರಿ. ಇವನು ನಿಮ್ಮೂರವನು, ಇವನನ್ನ ಉಳಿಸೋಕೆ ನೀವು ಏನು ಬೇಕಾದ್ರೂ ಹೇಳ್ತೀರಿ" ಎಂದ.

ಇವರು ಲಕೋಟೆ ತೆಗೆದರು. ಒಂದು ತುಂಡು ನೆಗೆಟಿವ್, ಅದರ ಮೂರು ಪ್ರಿಂಟು. ಜೀವಮಾನವೆಲ್ಲ ಬೇರೆಯವರಿಗೆ ಸ್ಟಡಿ ಎಂದು ಹೇಳಿದ ಮನುಷ್ಯನ ಕೈ ಮೇಜಿನ ಮೇಲೆ ಗಡಗಡ ಅಲ್ಲಾಡುತ್ತಿತ್ತು.

"ಮೂರೂ ಒಂದೇ ಫಿಲಮ್ಮಿನಲ್ಲಿ ಪಕ್ಕ ಪಕ್ಕ ಇರೋದು. ಕಿಟಕಿ ಬೆಳಕಿಗೆ ಹಿಡಿದು ನೋಡಿ. ಮೂರನೇದು ನಿಮ್ಮ ಹತ್ರ ಇರೋ ಹುಡುಗ. ಎರಡನೇದು ಇನ್ನೊಬ್ಬ. ಕೋಟು ಅದೇ, ಗುಂಡಿ ಅದೇ. ಮೊದಲನೇದನ್ನ ಹೊಡೆದವನು ನಿಮ್ಮ ಹತ್ರ ಇರೋ ಹುಡುಗನೇ, ನಾನೂ ಒಂದು ಹೊಡೀತೀನಿ ಅಂತ ತಮಾಷೆಗೆ ಒತ್ತಿಬಿಟ್ಟ. ಅದರಲ್ಲಿ ಕೋಟು ಹಿಡ್ಕೊಂಡು ನಿಂತಿರೋನು ನಾನು. ನನ್ನ ಮುಖ ಇದೆ, ನೋಡ್ಕೊಳ್ಳಿ" ಎಂದರು.

ಅಧಿಕಾರಿ ನೋಡಿದ. ಫೋಟೊ ನೋಡಿ ಇವರ ಮುಖ ನೋಡಿದ. ನರ್ಸಮ್ಮ ಕನ್ನಡಕ ಏರಿಸಿ ನೋಡಿದಳು, ಕಂಡಕ್ಟರಿಗೆ ಕೊಟ್ಟಳು. ಅವನು ಮೊದಲನೆಯ ಫೋಟೊವನ್ನು ಹಿಡಿದವನು ಕೆಳಗಿಡಲೇ ಇಲ್ಲ.

"ಈ ಹುಡುಗ ಬೇಡ ಅಂತಿದಾನಲ್ಲ" ಎಂದ.

ಫೋಟೊವನ್ನು ಇವರ ಕಡೆಗೆ ತಿರುಗಿಸಿ ಹಿಡಿದ.

"ನೀವು ಕೋಟು ಹಾಕೋಕೆ ಹೋಗ್ತಿದೀರಿ, ಇವನು ಕೈಯಲ್ಲಿ ತಳ್ತಿದಾನೆ. ಯಾರಿವನು?"

"ನನ್ನ ಭಾಮೈದ. ಇವಳ ತಮ್ಮ."

"ಈಗೆಲ್ಲಿದಾನೆ?"

ಇವರು ತಲೆ ತಗ್ಗಿಸಿದರು. ಹೆಡ್‌ಮಿಸ್ಸು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಂಡಕ್ಟರಿಗೆ ಅಷ್ಟು ಸಾಕಾಯಿತು.

"ಬೇಡ ಅಂದ. ನಾನೇ ಬಲವಂತ ಮಾಡಿ ಹಾಕಿಸಿದೆ. ನಾನೇ ಶೋಕೇಸಿನಲ್ಲಿ ಇಟ್ಟೆ. ಅವನೇ ಕೇಳಿದ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಇವಳಿಗೂ" ಎಂದರು ಇವರು.

ಫೋಟೊ ಮೇಜು ಸುತ್ತಿ ಎಲ್ಲರಿಗಿಂತ ಕೊನೆಗೆ ನನ್ನ ಕೈಗೆ ಬಂತು. ಹೊಳೆಯಾಚೆಯ ಮೂವರು ಅಪರಿಚಿತರು ನೋಡಿಯಾದ ಮೇಲೆ ನಾನು ನನ್ನ ತಮ್ಮನನ್ನು ನೋಡಿದೆ. ಬಣ್ಣದ ಕಲೆಯ ಗ್ಯಾರೇಜು ಅಂಗಿ. ಮುಖದಲ್ಲಿ ನಗು ಇದೆ, ಬಾಯಿ ಅರ್ಧ ತೆರೆದಿದೆ, ಏನೋ ಹೇಳುತ್ತಿದ್ದಾನೆ. ಎರಡು ಅಂಗೈಯೂ ಕೋಟನ್ನು ತಳ್ಳುತ್ತಿವೆ. ಕೋಟು ಎತ್ತಿ ಹಿಡಿದ ನನ್ನ ಗಂಡನೂ ನಗುತ್ತಿದ್ದಾರೆ. ಫೋಟೊ ಸ್ವಲ್ಪ ಅಲ್ಲಾಡಿದೆ.

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಪಕ್ಕದ ಕುರ್ಚಿಯಲ್ಲಿ ಕೂತ ಮನುಷ್ಯನ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಸರಿದು ಕೂತೆ.

ಕಂಡಕ್ಟರು ಟೀ ಲೋಟವನ್ನು ತಿರುಗಿಸುತ್ತಾ ನಿಧಾನವಾಗಿ ಮಾತಾಡಿದ. ಅವನು ಹೇಳಿದ್ದು ನಮಗಲ್ಲ, ಇವರಿಗೆ. "ನಮ್ಮ ಬಸ್ ಸ್ಟ್ಯಾಂಡಿನಿಂದ ಹುಡುಗರನ್ನ ಗಡಿಗೆ ಕರ್ಕೊಂಡು ಹೋಗಿದ್ದು ನನ್ನ ಬಸ್ಸೇ. ಟಿಕೆಟ್ ಬೇಡ, ಹತ್ರಪ್ಪಾ ಹತ್ರಿ ಅಂತ ಬಾಗಿಲಲ್ಲಿ ನಿಂತು ಕೂಗಿದವನು ನಾನು. ಒಬ್ಬ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದೆ ಮುಂದೆ ನೋಡ್ತಿದ್ದ. ಬೆನ್ನ ಮೇಲೆ ಕೈ ಹಾಕಿ ಒಳಗೆ ತಳ್ಳಿ, ರೈಟ್ ಅಂತ ಸೀಟಿ ಊದಿದೆ. ಅವನ ಅಮ್ಮ ನಮ್ಮ ಬೀದೀಲೇ ಇದಾಳೆ. ಸಿಕ್ಕಿದ್ರೆ ಅಣ್ಣಾ ಚೆನ್ನಾಗಿದೀರಾ ಅಂತ ಕೇಳ್ತಾಳೆ. ನನ್ನ ಹತ್ರ ಫೋಟೊ ಇಲ್ಲ ನೋಡಿ, ಅದಕ್ಕೇ ನಾನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ."

ಅಧಿಕಾರಿ ಏನೋ ಹೇಳಲು ಹೋದ. ನರ್ಸಮ್ಮ ಕೈ ಎತ್ತಿ ತಡೆದಳು. "ಸಾರ್, ಇಷ್ಟು ಮಾನ ಕಳ್ಕೊಂಡು ಯಾರೂ ಸುಳ್ಳು ಹೇಳಲ್ಲ. ಹುಡುಗನ್ನ ಬಿಡೋಣ. ಆಮೇಲೆ ಎರಡೂ ಕಡೆ ಜೈಲಿಗೆ ಹೋಗಿರೋರ ವಿಷಯ ಮಾತಾಡೋಣ, ಇನ್ನೂ ಬಹಳ ಇದೆ" ಎಂದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹೆಡ್‌ಮಿಸ್ಸು ಶಾಲೆಯ ಗೋಡೆಯ ಮೇಲೆ ಬರೆಸಿದ್ದರು. ಅಲ್ಲಿ ಕೂತವರಲ್ಲಿ ಮಾತು ಬಲ್ಲವರು ಯಾರೂ ಇರಲಿಲ್ಲ. ಆದರೂ ಆ ವಾರ ಪಂಪು ಸೇತುವೆ ದಾಟಿ ಬಂದ. ಇಸ್ತ್ರಿಯಕ್ಕ ಅವನ ಅಂಗಿಯ ಜೇಬನ್ನೇ ಕತ್ತರಿಯಿಂದ ಬಿಚ್ಚಿ ತೆಗೆದಳು.

ನಾನು ಮಾತು ಬಿಟ್ಟೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಜಗಳವೇ ಆಗಲಿಲ್ಲ. ತಟ್ಟೆ ಇಡುತ್ತಿದ್ದೆ, ಬಡಿಸುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಅದಕ್ಕೇ ಬೈಯಲಿಲ್ಲ. ಬೀದಿಯವರಿಗೆ ನನ್ನ ದನಿ ಕೇಳದೆ ದಿಗಿಲಾಗಿ, ಮೈ ಹುಷಾರಿದೆಯಾ ಎಂದು ಬಂದು ನೋಡಿಕೊಂಡು ಹೋದರು.

ಇವರು ಶೋಕೇಸಿನ ಪೇಪರ್ ಕಿತ್ತರು. 'ನಮ್ಮೂರ ಹುಲಿಗಳು' ಎಂದಿದ್ದ ಹಲಗೆಯನ್ನು ಸೌದೆಗೆ ಹಾಕಿದರು. ಒಳಗೆ ಆ ಒಂದೇ ಒಂದು ಫೋಟೊ ದೊಡ್ಡದು ಮಾಡಿ ಇಟ್ಟರು. ಪೆನ್ಸಿಲು ಮುಟ್ಟಿಸಿರಲಿಲ್ಲ. ಅಂಗಿಯ ಕಲೆ, ತಮ್ಮನ ಮೊಡವೆ, ಇವರ ನಗು, ಎಲ್ಲ ಇದ್ದ ಹಾಗೇ. ಜನ ನಿಂತು ನೋಡಿದರು, ಒಳಗೆ ಬಂದು ಕೇಳಿದರು. "ಬೇಡ ಅಂದ, ನಾನೇ ಹಾಕಿಸಿದೆ" ಎಂದು ಕೇಳಿದವರಿಗೆಲ್ಲ ಹೇಳಿದರು. ಮಕ್ಕಳನ್ನು ಕಳೆದುಕೊಂಡವರು ಬಂದರು. ನಮ್ಮ ಮನೆ ಗೋಡೆ ಮೇಲಿರೋದೂ ನಾಟಕದ ಕೋಟಾ ಎಂದು ಒಬ್ಬಾಕೆ ಕೇಳಿದಳು. ಹೌದು ಎಂದರು. ಅವಳು ಅತ್ತು, ಬಾಯಿಗೆ ಬಂದಂತೆ ಬೈದಳು. ನಾನು ಒಳಗಿನಿಂದ ಕೇಳುತ್ತಿದ್ದೆ. ಈಗ ಹೋಗುತ್ತಾರೆ ಡಾರ್ಕ್ ರೂಮಿಗೆ ಎಂದುಕೊಂಡೆ. ಹೋಗಲಿಲ್ಲ. ಅವಳು ಮುಗಿಸುವವರೆಗೂ ಕೈಕಟ್ಟಿ ನಿಂತಿದ್ದರು. ನನಗೆ ಕರುಣೆ ಬರಲಿಲ್ಲ.

ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಪಂಪು ಸೈಕಲ್ ನಿಲ್ಲಿಸಿ ಶೋಕೇಸಿನ ಮುಂದೆ ನಿಂತ. ಮೊದಲೇ ಸಣಕಲ, ಈಗ ಅಂಗಿಯಷ್ಟೇ ಉಳಿದಿದ್ದ.

"ನಾನು ಹೊಡೆದಿದ್ದು ಅಕ್ಕ ಇದು. ಅಲ್ಲಾಡಿಸಿಬಿಟ್ಟಿದೀನಿ" ಎಂದ.

"ನೀನು ಅಲ್ಲೇ ಇದ್ಯಲ್ಲೋ" ಎಂದೆ. "ಬಾಯಿ ತೆರೆದಿದಾನೆ ನೋಡು. ಏನಂತಿದ್ದ ಅವನು?"

ಪಂಪು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ.

"ಹೇಳೋ."

"ನಗ್ತಾ ಇದ್ದ ಅಕ್ಕ. 'ಬೇಡ ಭಾವ, ಅಕ್ಕ ನೋಡಿದ್ರೆ ಸಾಯೋ ಹಾಗೆ ಬೈತಾಳೆ' ಅಂದ. ಅದಕ್ಕೆ ಅಣ್ಣ, 'ಹಾಕ್ಕೊಳೋ, ನಿಮ್ಮಕ್ಕ ನೋಡಿ ಬೈದ್ರೆ ಹರಿದು ಬಿಸಾಕ್ತೀನಿ, ಶೋಕೇಸಿಗೆ ಇಡಲ್ಲ' ಅಂದ್ರು."

ಪೊರಕೆ ಹಿಡಿದುಕೊಂಡು ಹಾಗೇ ನಿಂತೆ. ಒದ್ದೆ ಫೋಟೊ ದಾರದ ಮೇಲೆ ನೇತಾಡುತ್ತಿದ್ದುದು ನೆನಪಾಯಿತು. ನಲ್ಲಿಗೂ ಬೈಯುವವಳು ನಾನು. ಇಸ್ತ್ರಿಯಕ್ಕ ಕೆಂಡದ ಪೆಟ್ಟಿಗೆ ಹಿಡಿದು ಓಡಿದಳು, ಅವಳ ಮಗ ನನ್ನ ಮುಂದೆ ನಿಂತಿದ್ದಾನೆ. ನಾನು ಎಷ್ಟು ಚೆನ್ನಾಗಿ ಬಂದಿದೀಯೋ ಎಂದೆ. ಇವರು ಟೋಲ್ ಕೋಣೆಯಲ್ಲಿ ಅಷ್ಟು ಜನರ ಮುಂದೆ ಎಲ್ಲವನ್ನೂ ಹೇಳಿದ್ದರು, ಇದೊಂದನ್ನು ಬಿಟ್ಟು.

ಒಳಗೆ ಹೋದೆ. ಇವರು ಕಿಟಕಿಯ ಹತ್ತಿರ ಯಾರದೋ ನೆಗೆಟಿವ್ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಬೈಗುಳಕ್ಕೆ ಕಾಯುವವರಂತೆ.

"ಯಾಕ್ರೀ ನನಗೆ ಹೇಳಲಿಲ್ಲ?" ಎಂದೆ. ಅಷ್ಟು ದಿನ ಬಳಸದ ದನಿ ಒಡೆದು ಬಂತು. "ನಾನು ಬೈದಿದ್ರೆ ಹರಿದು ಹಾಕ್ತಿದ್ರಾ?"

ಇವರು ಬಾಗಿಲಾಚೆ ಪಂಪುವಿನ ಸೈಕಲ್ ನೋಡಿದರು. ಅರ್ಥವಾಯಿತು.

"ಹಾಕ್ತಿದ್ದೆ" ಎಂದರು. "ನಾಚಿಕೆ ಒಬ್ಬರಿಗೆ ಸಾಕಲ್ಲ ಅಂತ ಹೇಳಲಿಲ್ಲ."

ಗಿರಾಕಿಗಳು ಕೂರುವ ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತೆ. ಪೊರಕೆ ಇನ್ನೂ ಕೈಯಲ್ಲೇ ಇತ್ತು. "ಕೂತ್ಕೊಳ್ಳಿ" ಎಂದೆ. "ಅವನ ವಿಷಯ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ಮಾತಾಡೋಣ."